ಮಳೆಗಾಲದಲ್ಲಿ 336 ಗ್ರಾಂ ಜಾಸ್ತಿಯಾದ ವಿಜಯಾ ಎಲೆ: ಒಂದು ಸ್ಟಾಕ್ ಲೆಕ್ಕ ಕಟ್ಟಿದ ದಿನಚರಿ

ಶಿರಸಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಭಾವ ಆಯುರ್ವೇದ ವೈದ್ಯರು. ಪೇಟೆಯಿಂದ ಸ್ವಲ್ಪ ದೂರದಲ್ಲಿ ಅವರದೊಂದು ಸಣ್ಣ ಔಷಧ ತಯಾರಿಕಾ ಘಟಕ ಇದೆ. ಅಲ್ಲಿ ತಯಾರಾಗುವ ಔಷಧಗಳಲ್ಲಿ ಜಾತಿಫಲಾದಿ ಚೂರ್ಣವೂ ಒಂದು. ಅದಕ್ಕೆ ವಿಜಯಾ ಬೇಕು, ಅಂದರೆ ಭಂಗಿ ಎಲೆ. ಈ ಎಲೆ ಬಂದ ದಿನದಿಂದ ಡಬ್ಬಿಯಾಗಿ ಹೊರಗೆ ಹೋಗುವವರೆಗೆ ಒಂದೊಂದು ಗ್ರಾಂಗೂ ಲೆಕ್ಕ ಸಿಗುವ ಹಾಗೆ ಒಂದು ವ್ಯವಸ್ಥೆ ಮಾಡಿಕೊಡು ಎಂದು ಭಾವ ಕೇಳಿದರು. ಎರಡು ವಾರದ ಕೆಲಸ ಅಂದುಕೊಂಡಿದ್ದೆ. ಐದು ತಿಂಗಳು ಹಿಡಿಯಿತು.

ಮೊದಲೇ ಒಂದು ಮಾತು. "ಗಾಂಜಾ ಅಲ್ವಾ ಅದು?" ಎಂದು ಅಂಗಡಿಗೆ ಬಂದವರೆಲ್ಲ ಕೇಳಿದ್ದಾರೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಯಲ್ಲಿ ಸೇರುವುದಿಲ್ಲ. ಹಾಗಂತ ಎಲೆಗೆ ಲಂಗುಲಗಾಮು ಇಲ್ಲ ಅಂತಲ್ಲ. ರಾಜ್ಯಗಳ ಅಬಕಾರಿ ಕಾನೂನು ಇದೆ. ಔಷಧ ನಿಯಮಗಳ ಶೆಡ್ಯೂಲ್ ಇ-1ರಲ್ಲಿ, ಅಂದರೆ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ, ಭಂಗಿ ಇದೆ. ನಮಗೆ ಎಲೆ ಬರುವುದು ಬೇರೆ ರಾಜ್ಯದ ಪರವಾನಗಿದಾರರಿಂದ, ಸಾಗಣೆ ಪಾಸ್ ಮತ್ತು ಲ್ಯಾಬ್ ವರದಿಯ ಜೊತೆ. ಇಲ್ಲಿ ಬೆಳೆಯುವ ಮಾತೇ ಇಲ್ಲ. ನೀವು ಇಂಥದ್ದೇ ಕೆಲಸಕ್ಕೆ ಇಳಿಯುವುದಾದರೆ ಲೈಸೆನ್ಸಿನ ಪ್ರಶ್ನೆಯನ್ನು ಮೊದಲು ಇಲಾಖೆಯ ಅಧಿಕಾರಿಗಳ ಹತ್ತಿರವೇ ಕೇಳಿ. ನಾನು ಬರೆಯುತ್ತಿರುವುದು ತಕ್ಕಡಿ, ಲೇಬಲ್ ಮತ್ತು ಲೆಕ್ಕದ ಬಗ್ಗೆ ಮಾತ್ರ.

ಮಾರ್ಚ್: ಶುರುವಾದದ್ದು ಹೀಗೆ

ಹೋದ ವರ್ಷ ಆಗಸ್ಟಿನಲ್ಲಿ ಬಂದ 8 ಕೆಜಿ ಎಲೆಯನ್ನು ಮಾರ್ಚಿನಲ್ಲಿ ತೂಗಿದಾಗ 280 ಗ್ರಾಂ ಕಮ್ಮಿ ಇತ್ತು. ಅಲ್ಲಿಯವರೆಗೆ ಡ್ರಮ್ ತೆರೆದೇ ಇರಲಿಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಂದು ಭಾವನದು, ಇನ್ನೊಂದು ಸ್ಟೋರ್ ನೋಡಿಕೊಳ್ಳುವ ಅಕ್ಕನದು. ಅಕ್ಕನನ್ನು ಕೂರಿಸಿಕೊಂಡು ಕೇಳಿದ್ದು ನಾನೇ. "ನಾ ಮುಟ್ಟಲಿಲ್ಲ" ಎಂದಷ್ಟೇ ಹೇಳಿ ಸುಮ್ಮನಾದರು. ಒಂಬತ್ತು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿರುವವರು. ಈ ಲೆಕ್ಕದ ಕೆಲಸಕ್ಕೆ ಕೈ ಹಾಕಲು ಇಲಾಖೆಯ ತಪಾಸಣೆ ಒಂದು ಕಾರಣವಾದರೆ, ಆ ದಿನ ಇನ್ನೊಂದು ಕಾರಣ.

ಏಪ್ರಿಲ್ 12: ಏನು ಬೇಕು ಅಂತ ಬರೆದುಕೊಂಡದ್ದು

ಅಲ್ಲಿ ಆಗಲೇ ಇದ್ದದ್ದು: 30 ಕೆಜಿಯ ಎಲೆಕ್ಟ್ರಾನಿಕ್ ತಕ್ಕಡಿ (2 ಗ್ರಾಂ ಎಣಿಕೆ), 600 ಗ್ರಾಂನ ಸಣ್ಣ ತಕ್ಕಡಿ (0.01 ಗ್ರಾಂ ಎಣಿಕೆ), ಒಂದು ಹಳೇ ಲ್ಯಾಪ್‌ಟಾಪ್, ಕೈಬರಹದ ರಿಜಿಸ್ಟರ್. ಎರಡೂ ತಕ್ಕಡಿಗೆ ಆ ವರ್ಷದ ಮುದ್ರೆ ಬಿದ್ದಿತ್ತು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಲೇಬೇಕು.

ಹೊರದೇಶದಲ್ಲಿ ಹೇಗೆ ಮಾಡುತ್ತಾರೆ ಅಂತ ಒಂದೆರಡು ರಾತ್ರಿ ಓದಿದೆ. ಅಮೆರಿಕದ ಹಲವು ರಾಜ್ಯಗಳು ಮೆಟರ್ಕ್ ಎಂಬ ವ್ಯವಸ್ಥೆ ಬಳಸುತ್ತವೆ. ಗಿಡಕ್ಕೊಂದು, ಪ್ಯಾಕೆಟ್ಟಿಗೊಂದು ರೇಡಿಯೋ ತರಂಗದಿಂದ ಓದುವ ಆರ್‌ಎಫ್‌ಐಡಿ ಟ್ಯಾಗ್, ಪ್ರತಿ ಟ್ಯಾಗಿಗೂ 24 ಅಕ್ಷರದ ಸಂಖ್ಯೆ. ಕೆನಡಾದಲ್ಲಿ ಲೈಸೆನ್ಸ್ ಇದ್ದವರು ಹಿಂದಿನ ತಿಂಗಳ ಸ್ಟಾಕ್ ಲೆಕ್ಕವನ್ನು 15ನೇ ತಾರೀಖಿನೊಳಗೆ ಸರ್ಕಾರಕ್ಕೆ ಕೊಡಬೇಕು. ನಮಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಆದರೆ ತಿಂಗಳಿಗೊಮ್ಮೆ ಲೆಕ್ಕ ಮುಚ್ಚುವ ಪದ್ಧತಿ ಹಿಡಿಸಿತು, ಅದನ್ನೇ ಇಟ್ಟುಕೊಂಡೆ.

ನಮ್ಮ ನಿಯಮಗಳಲ್ಲಿ ಶೆಡ್ಯೂಲ್ ಟಿ ಇದೆ, ಒಳ್ಳೆಯ ತಯಾರಿಕಾ ಪದ್ಧತಿಯದ್ದು. ಪ್ರತಿ ಬ್ಯಾಚಿಗೂ ದಾಖಲೆ ಬೇಕು. ಬೇಕಾದಾಗ ಇಡೀ ಬ್ಯಾಚನ್ನು ವಾಪಸ್ ತರಿಸಿಕೊಳ್ಳಲು ಆಗುವಂತೆ ವಿತರಣೆಯ ದಾಖಲೆಯೂ ಬೇಕು. ಹಿಂದಿನ ತಪಾಸಣೆಯಲ್ಲಿ ಒಂದು ಡಬ್ಬಿ ಎತ್ತಿ "ಇದು ಯಾವ ಎಲೆಯಿಂದ ಆದದ್ದು?" ಎಂದು ಕೇಳಿದ್ದರಂತೆ. ನಾಲ್ಕು ರಿಜಿಸ್ಟರ್ ತಿರುವಿ ಉತ್ತರ ಕೊಡುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಹತ್ತು ನಿಮಿಷದಲ್ಲಿ ಉತ್ತರ ಸಿಗಬೇಕು ಅಂತ ಗುರಿ ಹಾಕಿಕೊಂಡೆ.

ಯೋಜನೆ ಸರಳ. ರಾಸ್ಪ್‌ಬೆರಿ ಪೈ 4ರಲ್ಲಿ (ಅಂಗೈಯಗಲದ ಕಂಪ್ಯೂಟರ್) ಒಂದು ಸಣ್ಣ ಡೇಟಾಬೇಸ್. ತಕ್ಕಡಿಯಿಂದ ತೂಕ ನೇರ ಅದಕ್ಕೆ. ಡ್ರಮ್ಮಿಗೂ ಡಬ್ಬಿಗೂ ಕ್ಯೂಆರ್ ಲೇಬಲ್. ಲ್ಯಾಪ್‌ಟಾಪಿಗೆ ಒಂದು ಸ್ಕ್ಯಾನರ್.

ಏಪ್ರಿಲ್ 28: ಎಲೆ ಬಂತು, ಮೊದಲ ಎರಡು ತಪ್ಪು

ಬಿಲ್ಲಿನಲ್ಲಿ 10.000 ಕೆಜಿ. ನಾನು ಅದನ್ನೇ ಟೈಪ್ ಮಾಡಿದೆ. ಸಂಜೆ ತೂಗಿದರೆ ನಮ್ಮ ತಕ್ಕಡಿಯಲ್ಲಿ 9.964. ದಾರಿಯಲ್ಲಿ ಕಮ್ಮಿಯಾಯಿತೋ, ಅವರ ತಕ್ಕಡಿಯೇ ಬೇರೆಯೋ, ಹೇಳಲು ದಾರಿಯಿಲ್ಲ. ಈಗ ಎರಡು ಬೇರೆ ಬೇರೆ ಖಾನೆ ಮಾಡಿದ್ದೇನೆ: ಬಿಲ್ಲಿನ ತೂಕ, ನಮ್ಮ ತೂಕ. ಲೆಕ್ಕ ನಡೆಯುವುದು ನಮ್ಮ ತೂಕದ ಮೇಲೆ.

ಎರಡನೇ ತಪ್ಪು ದೊಡ್ಡದು. ಚೀಲ ಬಿಚ್ಚುವಾಗ ಸಾಕ್ಷಿ ಇರಲಿಲ್ಲ, ಫೋಟೋ ತೆಗೆಯಲಿಲ್ಲ. ಎಲೆಯನ್ನು ಬಿಳಿ ಬಟ್ಟೆ ಮೇಲೆ ಹರವಿ, ಹೂವಿನ ತುದಿ ಏನಾದರೂ ಸೇರಿದೆಯಾ ಅಂತ ಕೈಯಾಡಿಸಿ ನೋಡಬೇಕು. ಕಾನೂನಿನ ಗೆರೆ ಇರುವುದೇ ಅಲ್ಲಿ. ಭಾವ ಮತ್ತು ಸ್ಟೋರಿನ ಅಕ್ಕ ಎರಡು ಗಂಟೆ ಕೂತು ಆರಿಸಿದರು. ತುದಿ ಒಂದೂ ಸಿಗಲಿಲ್ಲ. ಬೀಜ 22 ಗ್ರಾಂ ಸಿಕ್ಕಿತು, ಬೇರೆ ತೆಗೆದು ಬರೆದೆವು. ಆದರೆ ಚೀಲ ಬಿಚ್ಚುವ ಮೊದಲು ಸೀಲು ಸರಿ ಇತ್ತು ಅನ್ನಲು ನಮ್ಮ ಬಾಯಿಮಾತು ಬಿಟ್ಟರೆ ಏನೂ ಇಲ್ಲ. ಇನ್ನು ಮುಂದೆ ಸೀಲಿನ ಫೋಟೋ ಸೇರಿಸದೆ ಇದ್ದರೆ ಮುಂದಿನ ಪುಟವೇ ತೆರೆಯದ ಹಾಗೆ ಮಾಡಿದ್ದೇನೆ.

50 ಗ್ರಾಂ ಎಲೆಯನ್ನು ಗಾಜಿನ ಬಾಟಲಿಗೆ ಹಾಕಿ, ಬಿರಡೆ ಮೇಲೆ ಮೇಣ ಬಿಟ್ಟು ಎತ್ತಿಟ್ಟೆವು. ಅದು ಎಲ್ಲ ಲಾಟಿಗೂ ಮಾಡುವ ಪದ್ಧತಿ. ಆ ಬಾಟಲಿ ಮುಂದೆ ನಮ್ಮನ್ನು ಕಾಪಾಡಿತು. ಡ್ರಮ್ಮಿಗೆ ಹೋದದ್ದು 9.892 ಕೆಜಿ.

ಮೇ 6ರಿಂದ 11: ತಕ್ಕಡಿ ಮಾತಾಡಲು ಆರು ದಿನ

ತಕ್ಕಡಿಯ ಹಿಂದೆ ಆರ್‌ಎಸ್-232 ಪೋರ್ಟ್ (ಕಂಪ್ಯೂಟರಿಗೆ ಅಂಕಿ ಕಳಿಸುವ ಕಿಂಡಿ) ಇತ್ತು. 280 ರೂಪಾಯಿಯ ಯುಎಸ್‌ಬಿ ಕೇಬಲ್ ತಂದೆ. ಪರದೆ ಮೇಲೆ ಬರೀ ಚಿತ್ರವಿಚಿತ್ರ ಗುರುತು. ಅಂಕಿ ಕಳಿಸುವ ವೇಗ 9600 ಹಾಕಿದೆ, 4800 ಹಾಕಿದೆ. 2400ಕ್ಕೆ ಅಂಕಿ ಕಾಣಿಸಿತು, ಆದರೆ ನಡುನಡುವೆ ಅಕ್ಷರ ಉದುರುತ್ತಿತ್ತು. ಕೇಬಲ್ಲೇ ಕಳಪೆ. 650 ರೂಪಾಯಿಯದ್ದು ಹಾಕಿದ ಮೇಲೆ ಸರಿಹೋಯಿತು.

ಆಮೇಲೆ ಇನ್ನೊಂದು ತೊಂದರೆ. ತಕ್ಕಡಿ ಸೆಕೆಂಡಿಗೆ ಹಲವು ಸಲ ತೂಕ ಕಳಿಸುತ್ತಲೇ ಇರುತ್ತದೆ. ತೂಕ ಸ್ಥಿರವಾಗುವ ಮೊದಲೇ ನನ್ನ ಪ್ರೋಗ್ರಾಂ ಒಂದು ಅಂಕಿ ಹಿಡಿದುಬಿಡುತ್ತಿತ್ತು. ಒಂದೇ ಡ್ರಮ್ ಮೂರು ಸಲ ತೂಗಿದರೆ ಮೂರು ತೂಕ. ಐದು ಸಲ ಒಂದೇ ಅಂಕಿ ಬಂದರೆ ಮಾತ್ರ ತೆಗೆದುಕೋ ಅಂತ ಬದಲಾಯಿಸಿದೆ. ಆಗ ಅದು ಯಾವ ತೂಕವನ್ನೂ ಒಪ್ಪದೆ ನಿಂತಿತು. ಮೇಲೆ ನೋಡಿದರೆ ಫ್ಯಾನ್ ತಿರುಗುತ್ತಿದೆ. ಗಾಳಿಗೆ ಅಂಕಿ 2 ಗ್ರಾಂ, 4 ಗ್ರಾಂ ಕುಣಿಯುತ್ತಿತ್ತು. ಈಗ ತಕ್ಕಡಿಯ ಪಕ್ಕದ ಗೋಡೆಗೆ "ಫ್ಯಾನ್ ಬಂದ್ ಮಾಡಿ ತೂಗಿ" ಅಂತ ಚೀಟಿ ಅಂಟಿಸಿದೆ.

ಮೇ 20ರಿಂದ ಜೂನ್ 8: ಲೇಬಲ್

ಇಲ್ಲಿ ಹೋದ ದುಡ್ಡಿಗೆ ಹೊಟ್ಟೆ ಉರಿಯುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ 4,200 ರೂಪಾಯಿಯ ಥರ್ಮಲ್ ಲೇಬಲ್ ಪ್ರಿಂಟರ್ ತಂದೆ. ಕೊರಿಯರ್ ಪಾರ್ಸಲ್ ಮೇಲೆ ಅಂಟಿಸುವ ಲೇಬಲ್ ಬರುತ್ತದಲ್ಲ, ಅದೇ ಜಾತಿ. ಅದಕ್ಕೆ ಶಾಯಿ ಇಲ್ಲ. ಬಿಸಿ ತಾಗಿದ ಕಡೆ ಕಾಗದವೇ ಕಪ್ಪಾಗುತ್ತದೆ.

ಲವಂಗದ ಡ್ರಮ್ಮಿಗೆ ಅಂಟಿಸಿದ ಲೇಬಲ್ 18 ದಿನಕ್ಕೆ ಮಾಸಿತು. ಲವಂಗ ಮುಟ್ಟಿದ ಕೈಯಲ್ಲಿ ಡ್ರಮ್ ಹಿಡಿದಾಗ ಎಣ್ಣೆ ತಾಗಿದ ಕಡೆ ಅಕ್ಷರ ಪೂರ್ತಿ ಹೋಗಿತ್ತು. ಟ್ರೇ ಡ್ರೈಯರ್ ಒಳಗೆ ಇಟ್ಟ ಟ್ರೇಯ ಲೇಬಲ್ ಇನ್ನೊಂದು ತರ: ಬಿಸಿಗೆ ಇಡೀ ಕಾಗದವೇ ಕಪ್ಪು. ಭಂಗಿ ಎಲೆಯ ಡ್ರಮ್ಮಿನದು ಮಳೆ ಶುರುವಾದ ವಾರದಲ್ಲೇ ಮೂಲೆಯಿಂದ ಏಳತೊಡಗಿತು. ಜೂನ್ 8ರ ಬೆಳಿಗ್ಗೆ ನೆಲದ ಮೇಲೆ ಬಿದ್ದಿತ್ತು. ಲೆಕ್ಕ ಇಡಲೇಬೇಕಾದ ಒಂದೇ ಒಂದು ಡ್ರಮ್, ಅದರ ಹೆಸರೇ ಕೆಳಗೆ ಬಿದ್ದಿದೆ. ಬೇರೆ ಡ್ರಮ್ಮುಗಳಲ್ಲಿ ಒಂದರ ಲೇಬಲ್ಲೂ ಬಿದ್ದಿದ್ದರೆ ಯಾವುದು ಯಾವುದರದ್ದು ಅಂತ ಹೇಳುವುದು ಹೇಗೆ?

ಹುಬ್ಬಳ್ಳಿಗೆ ಹೋಗಿ ರಿಬ್ಬನ್ ಹಾಕುವ ಪ್ರಿಂಟರ್ ತಂದೆ, 11,500. ಪಾಲಿಯೆಸ್ಟರ್ ಲೇಬಲ್, ರೆಸಿನ್ ರಿಬ್ಬನ್. ಮೇಣದ ರಿಬ್ಬನ್ ಅಗ್ಗ, ಆದರೆ ಉಗುರಿನಲ್ಲಿ ಗೀಚಿದರೆ ಹೋಗುತ್ತದೆ. ಅಂಟಿಸುವ ಮೊದಲು ಡ್ರಮ್ಮನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತೇವೆ. ಜೊತೆಗೆ ಅದೇ ಸಂಖ್ಯೆಯ ಇನ್ನೊಂದು ಲೇಬಲ್ಲನ್ನು ಮುಚ್ಚಳದ ಒಳಗಡೆ ಅಂಟಿಸುತ್ತೇವೆ. ಅಂದಿನಿಂದ ಒಂದೂ ಬಿದ್ದಿಲ್ಲ.

ಇದೇ ಹೊತ್ತಿಗೆ ಸ್ಕ್ಯಾನರ್ ಕೈ ಕೊಟ್ಟಿತು. ಅದು ಕಂಪ್ಯೂಟರಿಗೆ ಕೀಬೋರ್ಡ್ ತರ ಕಾಣಿಸುತ್ತದೆ. ನನ್ನ ಸಂಖ್ಯೆಗಳೆಲ್ಲ ಇಂಗ್ಲಿಷಿನ ಸಣ್ಣ ವಿ, ಜೆ ಅಕ್ಷರದಿಂದ ಶುರುವಾಗುತ್ತಿದ್ದವು, ವಿಜಯಾ ಅಂತ ನೆನಪಿಗೆ. ಸ್ಟೋರಿನ ಅಕ್ಕ ಲ್ಯಾಪ್‌ಟಾಪಿನಲ್ಲಿ ಬಳಸುವುದು ಕನ್ನಡ ಇನ್‌ಸ್ಕ್ರಿಪ್ಟ್ ಕೀಲಿಮಣೆ. ಅವರು ಸ್ಕ್ಯಾನ್ ಮಾಡಿದರೆ ಪರದೆ ಮೇಲೆ "ನರ" ಅಂತ ಬರುತ್ತಿತ್ತು. "ಇಂಥ ಡ್ರಮ್ ಇಲ್ಲ" ಎನ್ನುತ್ತಿತ್ತು ಪ್ರೋಗ್ರಾಂ. ಸ್ಕ್ಯಾನ್ ಮಾಡುವ ಮೊದಲು ಪ್ರತಿ ಸಲ ಇಂಗ್ಲಿಷಿಗೆ ಬದಲಾಯಿಸಿ ಅಂತ ಅವರಿಗೆ ಹೇಳಿದೆ. ಅದು ನನ್ನ ತಪ್ಪು. ಕನ್ನಡದಲ್ಲಿ ಕೆಲಸ ಮಾಡುವವರು ಯಂತ್ರಕ್ಕೋಸ್ಕರ ಯಾಕೆ ಬದಲಾಗಬೇಕು? ಅಕ್ಷರವನ್ನೇ ತೆಗೆದೆ. ಈಗ ಸಂಖ್ಯೆ ಬರೀ 12 ಅಂಕಿ: ಮೊದಲ ಎರಡು ವಸ್ತುವಿನ ಗುರುತು, ಆಮೇಲೆ ಆರು ತಾರೀಖು, ಮೂರು ಕ್ರಮಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಕೈಯಲ್ಲಿ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಅದು ಹಿಡಿಯುತ್ತದೆ.

ಜೂನ್ 14: ಕರೆಂಟ್

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕತೆ ಗೊತ್ತೇ ಇದೆ. ಒಂದೇ ಸಂಜೆ ಆರು ಸಲ ಹೋಗಿ ಬಂತು. ಪೈಯ ಮೆಮೊರಿ ಕಾರ್ಡ್ ಕೆಟ್ಟಿತು, ಎರಡು ದಿನದ ದಾಖಲೆ ಹೋಯಿತು. ಕೈಬರಹದ ರಿಜಿಸ್ಟರ್ ಬಿಡಬೇಡಿ ಎಂದು ಭಾವ ಹಟ ಹಿಡಿದಿದ್ದರಿಂದ ಎಲ್ಲವನ್ನೂ ಮತ್ತೆ ಹಾಕಲು ಆಯಿತು.

ಕಾರ್ಡಿನ ಬದಲು ಎಸ್‌ಎಸ್‌ಡಿ ಹಾಕಿದೆ, ಜೊತೆಗೆ ಒಂದು ಮಿನಿ ಯುಪಿಎಸ್. ರಾತ್ರಿ ಒಂದು ಪ್ರತಿ ತಾನಾಗಿ ಪೆನ್‌ಡ್ರೈವಿಗೆ ಹೋಗುತ್ತದೆ. ಮುಗಿಯಿತು ಅಂದುಕೊಂಡೆ. ನಾಲ್ಕು ದಿನ ಬಿಟ್ಟು ನೋಡಿದರೆ 18ರ ಬೆಳಗಿನ ಒಂದು ದಾಖಲೆಗೆ 17ರ ತಾರೀಖು ಬಿದ್ದಿದೆ. ಪೈ 4ರಲ್ಲಿ ಸ್ವಂತ ಗಡಿಯಾರ ಇಲ್ಲ. ಶುರುವಾದಾಗ ನೆಟ್ ಸಿಗದಿದ್ದರೆ ಕೊನೆಯ ಸಲ ಉಳಿಸಿಕೊಂಡ ಹೊತ್ತಿನಿಂದಲೇ ಎಣಿಸಲು ಶುರು ಮಾಡುತ್ತದೆ. ಶೆಡ್ಯೂಲ್ ಇ-1 ವಸ್ತುವಿನ ರಿಜಿಸ್ಟರಿನಲ್ಲಿ ತಾರೀಖು ಹಿಂದೆ ಮುಂದೆ ಆದರೆ ನೋಡಿದವರು ಏನಂದುಕೊಳ್ಳಬೇಕು? 250 ರೂಪಾಯಿಯ ಡಿಎಸ್3231 ಗಡಿಯಾರದ ಚಿಪ್ ಹಾಕಿದೆ. ಇದನ್ನು ಮೊದಲ ದಿನವೇ ಹಾಕಬೇಕಿತ್ತು. ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಇದು ಹೊಳೆಯದೆ ಹೋದದ್ದಕ್ಕೆ ನೆಪ ಹೇಳುವುದಿಲ್ಲ.

ಜುಲೈ 9: ಎಲೆ ಜಾಸ್ತಿಯಾಯಿತು

ತಿಂಗಳ ಲೆಕ್ಕಕ್ಕೆ ಡ್ರಮ್ ತೂಗಿದೆವು. ದಾಖಲೆಯಲ್ಲಿ 9.892. ತಕ್ಕಡಿಯಲ್ಲಿ 10.210. ಯಾರೂ ಏನೂ ಹಾಕಿಲ್ಲ, 318 ಗ್ರಾಂ ಜಾಸ್ತಿ.

ತಕ್ಕಡಿ ಕೆಟ್ಟಿದೆ ಅಂತ ಮೊದಲು ಅನಿಸಿತು. 5 ಕೆಜಿಯ ಮುದ್ರೆಯ ಬಟ್ಟು ಇಟ್ಟು ನೋಡಿದೆ, ಸರಿಯಾಗಿ 5.000. ನಾನು ಕೇಬಲ್ ಕಿತ್ತು ನೋಡುತ್ತಿರುವಾಗ ಸ್ಟೋರಿನ ಅಕ್ಕ ಬಾಗಿಲ ಹತ್ತಿರ ನಿಂತು ಹೇಳಿದರು: "ಮಳೆಗಾಲದಲ್ಲಿ ಚಾಲಿ ತೂಕ ಬರ್ತದಲ್ರಾ, ಇದೂ ಹಂಗೇಯ."

ಅಡಿಕೆ ಊರಲ್ಲಿ ಹುಟ್ಟಿ ಬೆಳೆದವನಿಗೆ ಇದನ್ನು ಬೇರೆಯವರು ಹೇಳಬೇಕಾಯಿತು. ಚಾಲಿ ಅಡಿಕೆ, ಕಾಳುಮೆಣಸು ಎಲ್ಲವೂ ಮಳೆಗಾಲದಲ್ಲಿ ತೇವ ಎಳೆದುಕೊಂಡು ಭಾರ ಆಗುತ್ತವೆ. ಒಣ ಎಲೆ ಇನ್ನೂ ಬೇಗ ಎಳೆದುಕೊಳ್ಳುತ್ತದೆ. ಸ್ಟೋರಿನ ಗೋಡೆಯ ತೇವಮಾಪಕ ಅಂದು ಶೇ. 86 ತೋರಿಸುತ್ತಿತ್ತು. ಡ್ರಮ್ಮಿನ ಮುಚ್ಚಳದ ರಬ್ಬರ್ ಒಂದು ಕಡೆ ಬಿರುಕು ಬಿಟ್ಟಿತ್ತು.

ಇಲ್ಲಿ ನಾನು ಮಾಡಿದ್ದು ಇಡೀ ಕೆಲಸದಲ್ಲೇ ಕೆಟ್ಟ ತಪ್ಪು. "ತೇವಾಂಶ, 318 ಗ್ರಾಂ ಸೇರಿಸಿದೆ" ಅಂತ ಒಂದು ಸಾಲು ಹಾಕಿ ದಾಖಲೆಯನ್ನು 10.210ಕ್ಕೆ ಹೊಂದಿಸಿಬಿಟ್ಟೆ. ಲೆಕ್ಕ ತಾಳೆಯಾಯಿತು. ಸಂಜೆ ಭಾವ ಓದಿ ಒಂದೇ ಮಾತು ಕೇಳಿದರು: "ಭಾವಾ, ಇದು 318 ಹೇಳಿ ನಿಂಗೆ ಗೊತ್ತಾಗಿದ್ದು ಹ್ಯಾಂಗೆ? ನಿಜವಾಗಿ 400 ಏರಿ, ಯಾರೋ 82 ತೆಗೆದಿದ್ರೆ?"

ಉತ್ತರ ಇರಲಿಲ್ಲ. ನಾನು ಅಳೆದದ್ದು ತೇವವನ್ನಲ್ಲ. ವ್ಯತ್ಯಾಸಕ್ಕೆ ತೇವ ಅಂತ ಹೆಸರು ಕೊಟ್ಟಿದ್ದೆ, ಅಷ್ಟೇ. ಹಾಗೆ ಬರೆಯುತ್ತಾ ಹೋದರೆ ಮಳೆಗಾಲದಲ್ಲಿ ಎಷ್ಟು ಎಲೆ ಹೊರಗೆ ಹೋದರೂ ದಾಖಲೆಯಲ್ಲಿ ಕಾಣುವುದಿಲ್ಲ. ಬೇಸಿಗೆಯಲ್ಲಿ ಯಾರೂ ಮುಟ್ಟದಿದ್ದರೂ ಕಳ್ಳತನ ಕಾಣುತ್ತದೆ. ಮಾರ್ಚಿನ 280 ಗ್ರಾಂ ಆಗ ನೆನಪಾಯಿತು. ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು.

ಜುಲೈ 16: ಸಣ್ಣ ಓವನ್, ನಾಲ್ಕು ಬಟ್ಟಲು

9,500 ರೂಪಾಯಿಗೆ ಒಂದು ಸಣ್ಣ ಲ್ಯಾಬ್ ಓವನ್ ಬಂತು. ಪದ್ಧತಿ ಕಷ್ಟದ್ದಲ್ಲ. 5 ಗ್ರಾಂ ಎಲೆ ತೂಗಿ, 105 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟು, ತಣಿಸಿ ಮತ್ತೆ ತೂಗುವುದು. ಇನ್ನೊಂದು ಗಂಟೆ ಇಟ್ಟ ಮೇಲೂ ತೂಕ ಅಷ್ಟೇ ಇದ್ದರೆ ಮುಗಿಯಿತು. ತಣಿಸುವುದು ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬದಲ್ಲಿ. ಮೊದಲ ಸಲ ನಾನು ಮೇಜಿನ ಮೇಲೆ ತಣಿಯಲು ಬಿಟ್ಟಿದ್ದೆ. ಕಣ್ಣೆದುರೇ ಅಂಕಿ ಏರುತ್ತಾ ಹೋಯಿತು: 25.88, 25.89, 25.91. ಶಿರಸಿಯ ಜುಲೈ ಗಾಳಿಯಿಂದ ಎಲೆ ನೀರು ಕುಡಿಯುವುದನ್ನು ಹಾಗೆ ನೋಡಿದೆ. ಆ ಸಲದ್ದು ಬಿಟ್ಟು ಮತ್ತೆ ಮಾಡಿದೆ.

ಡ್ರಮ್ಮಿನ ಎಲೆ, ಮೊದಲ ಬಟ್ಟಲು: ಎಲೆ ಸಮೇತ 26.43, ಒಣಗಿದ ಮೇಲೆ 25.86. ಹೋದದ್ದು 0.57. ಎರಡನೇ ಬಟ್ಟಲಿನಲ್ಲಿ 0.58. ಸರಾಸರಿ ತೇವಾಂಶ ಶೇ. 11.5.

ಏಪ್ರಿಲಿನಲ್ಲಿ ಎಲೆಯ ಜೊತೆ ಬಂದ ಲ್ಯಾಬ್ ವರದಿಯಲ್ಲಿ ಇದ್ದದ್ದು ಶೇ. 8.5. ಅದನ್ನು ನಂಬಬಹುದಾ? ಮೇಣ ಹಾಕಿ ಇಟ್ಟಿದ್ದ ಗಾಜಿನ ಬಾಟಲಿ ತೆರೆದು ಅದರಿಂದಲೂ 5 ಗ್ರಾಂ ತೆಗೆದು ನೋಡಿದೆವು. 0.43 ಹೋಯಿತು, ಅಂದರೆ ಶೇ. 8.6. ವರದಿ ಸರಿ ಇತ್ತು.

ಇನ್ನು ಲೆಕ್ಕ. ಏಪ್ರಿಲಿನಲ್ಲಿ 9.892 ಕೆಜಿಯಲ್ಲಿ ನೀರು ಕಳೆದರೆ ಒಣ ಎಲೆ 9.051. ಅಂದು, ಜುಲೈ 16ಕ್ಕೆ, ಡ್ರಮ್ಮಿನ ತೂಕ 10.228 ಆಗಿತ್ತು, ದಾಖಲೆಗಿಂತ 336 ಗ್ರಾಂ ಜಾಸ್ತಿ. ಅದರಲ್ಲಿ ಶೇ. 11.5 ನೀರು ಕಳೆದರೆ 9.052. ವ್ಯತ್ಯಾಸ ಒಂದು ಗ್ರಾಂ.

ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟವೂ ಇದೆ ಅನ್ನುವುದನ್ನು ಹೇಳಲೇಬೇಕು. ಸಣ್ಣ ತಕ್ಕಡಿಯಲ್ಲಿ 0.01 ಗ್ರಾಂ ಆಚೀಚೆ ಆದರೆ 5 ಗ್ರಾಂ ಎಲೆಗೆ ಅದು ಶೇ. 0.2. ಹತ್ತು ಕೆಜಿ ಡ್ರಮ್ಮಿನಲ್ಲಿ ಅದೇ 20 ಗ್ರಾಂ ಆಗುತ್ತದೆ. ಅದಕ್ಕೆ 40 ಗ್ರಾಂವರೆಗೆ ಪ್ರೋಗ್ರಾಂ ಸುಮ್ಮನಿರುತ್ತದೆ, ದಾಟಿದರೆ ಕೆಂಪು ತೋರಿಸುತ್ತದೆ. ಲವಂಗ, ಕರ್ಪೂರಕ್ಕೆ ಈ ಪದ್ಧತಿ ನಡೆಯುವುದಿಲ್ಲ. ಬಿಸಿಗೆ ನೀರಿನ ಜೊತೆ ಅವುಗಳ ಎಣ್ಣೆ, ಘಮ ಎಲ್ಲ ಹಾರಿ ಹೋಗುತ್ತದೆ.

ಅಂದೇ ಡೇಟಾಬೇಸಿನಲ್ಲಿ ತಿದ್ದುವ ಬಟನ್ ತೆಗೆದುಹಾಕಿದೆ. ಈಗ ಹಳೆಯ ಸಾಲನ್ನು ಯಾರೂ ಬದಲಾಯಿಸಲು ಆಗುವುದಿಲ್ಲ, ನಾನೂ ಸಹ. ತಪ್ಪಾದರೆ ಕೆಳಗೆ ಹೊಸ ಸಾಲು: ಹಳೆಯದೆಷ್ಟು, ಹೊಸದೆಷ್ಟು, ಯಾಕೆ, ಯಾರು. ನನ್ನ ಆ 318 ಗ್ರಾಂನ ಸಾಲೂ ಅಲ್ಲೇ ಇದೆ. ಅದರ ಕೆಳಗೆ "ಅಳೆಯದೆ ಬರೆದದ್ದು, ರದ್ದು" ಅಂತ ನನ್ನ ಹೆಸರಿನಲ್ಲೇ ಇನ್ನೊಂದು ಸಾಲು ಇದೆ.

ಹಳೆಯ 8 ಕೆಜಿಗೆ ತೇವದ ದಾಖಲೆ ಇರಲಿಲ್ಲ. ಆದರೆ ಶೇ. 12ರಿಂದ 8.8ಕ್ಕೆ ಇಳಿದರೆ ಸಾಕು, 280 ಗ್ರಾಂ ತಾನಾಗಿ ಕಮ್ಮಿ ಆಗುತ್ತದೆ. ಆ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಸ್ಟೋರಿನ ಅಕ್ಕನ ಎದುರು ಇಟ್ಟು, ಮಾರ್ಚಿನಲ್ಲಿ ಹಾಗೆ ಕೇಳಿದ್ದು ತಪ್ಪಾಯಿತು ಎಂದೆ. ಅವರು ಹಾಳೆಯನ್ನು ಎರಡು ಸಲ ಓದಿದರು. ಮಡಚಿ ತಮ್ಮ ರಿಜಿಸ್ಟರಿನ ಒಳಗೆ ಇಟ್ಟುಕೊಂಡರು.

ಜುಲೈ 21ರಿಂದ 24: ಶೋಧನ

ಭಂಗಿಯನ್ನು ಹಾಗೇ ಔಷಧಕ್ಕೆ ಹಾಕುವುದಿಲ್ಲ, ಶೋಧನೆ ಮಾಡಬೇಕು. ನಮ್ಮಲ್ಲಿ ಹಸಿರು ನೀರು ನಿಲ್ಲುವವರೆಗೆ ತೊಳೆದು, ಹಿಂಡಿ, ಒಣಗಿಸಿ, ಹಸುವಿನ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯುತ್ತಾರೆ. ಬಿಸಿಲಿಲ್ಲದ ಕಾರಣ ಟ್ರೇ ಡ್ರೈಯರಿನಲ್ಲೇ ಒಣಗಿಸಿದ್ದು.

ತೆಗೆದದ್ದು 6.000. ತೊಳೆದು ಒಣಗಿದ ಮೇಲೆ 4.920. ಹುರಿದು ಇಳಿಸಿದಾಗ 5.128. "ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಜಾಸ್ತಿ" ಅಂತ ಪ್ರೋಗ್ರಾಂ ನಿಂತುಬಿಟ್ಟಿತು. ಯಾಕೆಂದರೆ ಬಾಣಲೆಗೆ ಹಾಕಿದ 250 ಗ್ರಾಂ ತುಪ್ಪಕ್ಕೆ ನಾನು ಖಾನೆಯನ್ನೇ ಇಟ್ಟಿರಲಿಲ್ಲ. ಅಡುಗೆ ಮಾಡುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ತುಪ್ಪ ಈಗ ಪದಾರ್ಥವಾಗಿಯೇ ಲೆಕ್ಕಕ್ಕೆ ಬರುತ್ತದೆ. ಬಾಣಲೆಗೆ, ಸಟ್ಟುಗಕ್ಕೆ ಅಂಟಿ ಹೋದದ್ದು 42 ಗ್ರಾಂ ಅಂತ ಗೊತ್ತಾಯಿತು.

ಆಗಸ್ಟ್ 2: ಬ್ಯಾಚ್

ಚೂರ್ಣದ ಅಳತೆ ಹಳೆಯ ಪಾಠದಂತೆ. ಜಾಯಿಕಾಯಿ, ಲವಂಗ, ಏಲಕ್ಕಿ, ದಾಲ್ಚಿನ್ನಿ, ಮೆಣಸು, ಶುಂಠಿ, ಹಿಪ್ಪಲಿ ಹೀಗೆ 20 ಪದಾರ್ಥ ಸಮಭಾಗ. ಅವೆಲ್ಲ ಸೇರಿ ಎಷ್ಟೋ ಅಷ್ಟು ಭಂಗಿ. ಇದೆಲ್ಲ ಸೇರಿ ಎಷ್ಟೋ ಅಷ್ಟು ಸಕ್ಕರೆ. ಆದ್ದರಿಂದ 20 ಕೆಜಿ ಬ್ಯಾಚಿಗೆ: 250 ಗ್ರಾಂನಂತೆ 20 ಪದಾರ್ಥ 5 ಕೆಜಿ, ಶೋಧಿತ ಭಂಗಿ 5 ಕೆಜಿ, ಸಕ್ಕರೆ 10 ಕೆಜಿ. ಜಾಯಿಕಾಯಿ, ಏಲಕ್ಕಿ, ಮೆಣಸು ನಮ್ಮ ಸುತ್ತಲಿನ ತೋಟದ್ದೇ. ಅರ್ಧ ಸಕ್ಕರೆ ಇರುವ ಪುಡಿ ಮಳೆಗಾಲದಲ್ಲಿ ಬೇಗ ಗಂಟು ಕಟ್ಟುತ್ತದೆ. ಅದಕ್ಕೆ ಬೆರೆಸಿ, ಜರಡಿ ಹಿಡಿದು, ಅದೇ ದಿನ ಡಬ್ಬಿಗೆ ತುಂಬಿದೆವು.

ಜರಡಿ ಆದ ಮೇಲೆ 19.870 ಕೆಜಿ. 50 ಗ್ರಾಂ ಡಬ್ಬಿ 391 ಆದವು. 391ನ್ನು 50ರಿಂದ ಗುಣಿಸಿದರೆ 19.550. ಉಳಿದ 320 ಗ್ರಾಂ ಎಲ್ಲಿ? ನೆಲ, ಮೇಜು, ಜರಡಿ ಗುಡಿಸಿದ್ದು 112. ಮಿಕ್ಕಿದ್ದು ಸಿಗದೆ ಕೂತಿದ್ದಾಗ ಭಾವ ಹತ್ತು ಡಬ್ಬಿ ಸುಮ್ನೆ ತೂಗಿದರು. ಸರಾಸರಿ 50.4 ಗ್ರಾಂ ಇತ್ತು. ಕಮ್ಮಿ ಆಗಬಾರದು ಅಂತ ತುಂಬುವವರು ಚಿಟಿಕೆ ಜಾಸ್ತಿ ಹಾಕುತ್ತಿದ್ದರು. ಅಲ್ಲಿಗೆ 156 ಗ್ರಾಂ ಸಿಕ್ಕಿತು. ಲೆಕ್ಕಕ್ಕೆ ಸಿಗದೆ ಉಳಿದದ್ದು 52 ಗ್ರಾಂ, ಧೂಳಾಗಿ ಹೋಗಿರಬೇಕು. "ಕಾರಣ ತಿಳಿದಿಲ್ಲ" ಅಂತಲೇ ಬರೆದೆವು.

ಗುಡಿಸಿದ ಪುಡಿಯನ್ನು ಸುಮ್ನೆ ಎಸೆಯುವ ಹಾಗಿಲ್ಲ. ವಾಷಿಂಗ್ಟನ್ ರಾಜ್ಯದ ನಿಯಮದಲ್ಲಿ ಇಂಥ ತ್ಯಾಜ್ಯಕ್ಕೆ, ಕೊನೆಯ ಮಿಶ್ರಣದಲ್ಲಿ ಕನಿಷ್ಠ ಅರ್ಧ ಭಾಗ ಬೇರೆ ಕಸವೇ ಇರುವಷ್ಟು ಬೆರೆಸಿ, ಮತ್ತೆ ಬಳಸಲು ಬಾರದಂತೆ ಮಾಡಬೇಕು ಅಂತ ಓದಿದ್ದೆ. ನಮ್ಮಲ್ಲಿ ಅಡಿಕೆ ಸಿಪ್ಪೆಗೂ ಸಗಣಿಗೂ ಬರವಿಲ್ಲ. ತೂಗಿ, ಇಬ್ಬರ ಎದುರು ಅದರಲ್ಲಿ ಕಲಸಿ, ಫೋಟೋ ತೆಗೆದು, ಇಬ್ಬರೂ ಸಹಿ ಹಾಕುತ್ತಾರೆ.

ಡಬ್ಬಿಯ ಲೇಬಲ್ಲಿನಲ್ಲಿ ಬ್ಯಾಚ್ ಸಂಖ್ಯೆ, ತಯಾರಿಸಿದ ತಾರೀಖು, ಲೈಸೆನ್ಸ್ ಸಂಖ್ಯೆ, ಚೂರ್ಣಕ್ಕೆ ಎರಡು ವರ್ಷದ ಅವಧಿ. ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರಲೇಬೇಕು. ನಾವು ಕನ್ನಡದಲ್ಲೂ ಹಾಕಿದ್ದೇವೆ. ಡಬ್ಬಿ ಹೋಗುವುದು ಇಲ್ಲಿನ ಮನೆಗಳಿಗೆ ಅಲ್ವಾ?

ಖರ್ಚು

ಪೈ ಮತ್ತು ಅದರ ಅಡಾಪ್ಟರ್ 5,600, ಕೆಟ್ಟ ಮೆಮೊರಿ ಕಾರ್ಡ್ 480, ಎಸ್‌ಎಸ್‌ಡಿ 1,350, ಗಡಿಯಾರದ ಚಿಪ್ 250, ಕೇಬಲ್ ಎರಡು ಸೇರಿ 930, ಸ್ಕ್ಯಾನರ್ 2,800, ಮೊದಲ ಪ್ರಿಂಟರ್ 4,200, ಎರಡನೆಯದು 11,500, ಲೇಬಲ್ ಮತ್ತು ರಿಬ್ಬನ್ 2,150, ಮಿನಿ ಯುಪಿಎಸ್ 1,400, ಓವನ್ 9,500, ತೇವಮಾಪಕ ಎರಡು 700. ಒಟ್ಟು 40,860. ಇದರಲ್ಲಿ 4,960 ಪೂರ್ತಿ ದಂಡ. ಓವನ್ ಮೊದಲೇ ತಂದಿದ್ದರೆ ಮಾರ್ಚಿನ ಮಾತೇ ಬರುತ್ತಿರಲಿಲ್ಲ.

ಸೆಪ್ಟೆಂಬರ್ 13: ಸುಳ್ಳು ವಾಪಸಾತಿ

ಬ್ಯಾಚ್ ವಾಪಸ್ ತರಿಸಬೇಕಾಗಿದೆ ಅಂತ ಅಂದುಕೊಂಡು ನಡೆಸಿ ನೋಡಿದೆವು. ಭಾವ ಒಂದು ಡಬ್ಬಿ ಎತ್ತಿ ಕೊಟ್ಟರು. ಸ್ಕ್ಯಾನ್ ಮಾಡಿದ್ದು ಸ್ಟೋರಿನ ಅಕ್ಕ. ಡಬ್ಬಿಯಿಂದ ಬ್ಯಾಚ್, ಬ್ಯಾಚಿನಿಂದ ಶೋಧನ, ಅಲ್ಲಿಂದ ಏಪ್ರಿಲಿನ ಡ್ರಮ್, ಪಾಸ್, ಲ್ಯಾಬ್ ವರದಿ, ಎಲ್ಲ ಪ್ರಿಂಟ್ ಆಗಿ ಕೈಗೆ ಬರಲು ಏಳು ನಿಮಿಷ.

ಎದುರು ದಿಕ್ಕಿನಲ್ಲಿ ಸ್ವಲ್ಪ ಎಡವಿದೆವು. ಆಯುರ್ವೇದ ಔಷಧ ಮಾರಲು ಬೇರೆ ಮಾರಾಟದ ಲೈಸೆನ್ಸ್ ಬೇಕಿಲ್ಲ. ಆದರೂ ಇದನ್ನು ನೋಂದಾಯಿತ ವೈದ್ಯರಿಗೆ ಮಾತ್ರ ಕೊಡುವುದು ಅಂತ ಭಾವ ಮೊದಲಿಂದ ಪಾಲಿಸಿಕೊಂಡು ಬಂದಿದ್ದಾರೆ. 391ರಲ್ಲಿ ಸ್ಯಾಂಪಲ್ ಆಗಿ ಎತ್ತಿಟ್ಟದ್ದು 3, ಇಬ್ಬರು ವೈದ್ಯರಿಗೆ ಹೋದದ್ದು 240, ಭಾವನ ಚಿಕಿತ್ಸಾಲಯಕ್ಕೆ 100. ಸ್ಟೋರಿನಲ್ಲಿ 48 ಇರಬೇಕು, ಇದ್ದದ್ದು 46. ಒಂದು ಕಪಾಟಿನಿಂದ ಬಿದ್ದು ಒಡೆದಿತ್ತು, ಪುಡಿಯನ್ನು ತ್ಯಾಜ್ಯದಲ್ಲಿ ಬರೆದಿದ್ದರು, ಡಬ್ಬಿ ಸಂಖ್ಯೆ ಬರೆದಿರಲಿಲ್ಲ. ಇನ್ನೊಂದನ್ನು ಕುಮಟಾದಿಂದ ಬಂದ ಸ್ನೇಹಿತ ವೈದ್ಯರಿಗೆ ಭಾವನೇ ಕೊಟ್ಟಿದ್ದರು, ನೋಡಲಿ ಅಂತ. ಸ್ಕ್ಯಾನ್ ಮಾಡಿರಲಿಲ್ಲ. ಸ್ಟೋರಿನ ಅಕ್ಕ ಪರದೆಯ ಮೇಲಿನ ಕೆಂಪು ಸಾಲನ್ನು ತೋರಿಸಿ, "ಡಾಕ್ಟ್ರೇ, ಇಲ್ಲಿ ನಿಮ್ಮ ಹೆಸರು ಹಾಕಿ" ಎಂದರು. ಭಾವ ಕೂತು ಹೊಸ ಸಾಲು ಬರೆದರು: ತಾರೀಖು, ಯಾರಿಗೆ, ಯಾಕೆ, ಹೆಸರು.

ಡ್ರಮ್ಮಿನಲ್ಲಿ ಈಗ 4.2 ಕೆಜಿ ಎಲೆ ಇದೆ. ಮುಚ್ಚಳಕ್ಕೆ ಹೊಸ ರಬ್ಬರ್ ಹಾಕಿದ್ದೇವೆ. ಮುಂದಿನ ತೇವದ ಪರೀಕ್ಷೆ ಅಕ್ಟೋಬರ್ 1ಕ್ಕೆ.